ಗಣಕಯಂತ್ರಕ್ಕೆ ನೆನಪು ಕೊಂಡದ್ದು

(ಗಲಗಲಿಯ ಒಬ್ಬ ವಿದ್ಯಾರ್ಥಿ, ಬಿ.ಎ. ಅಂತಿಮ ವರ್ಷ)

ಎತ್ತು ಆರಿಸುವುದರಲ್ಲಿ ನಮ್ಮ ಅಪ್ಪನನ್ನು ಮೀರಿಸುವವರು ನಮ್ಮ ಓಣಿಯಲ್ಲಿ ಯಾರೂ ಇಲ್ಲ. ಸಂಕ್ರಾಂತಿಯ ಹೊತ್ತಿಗೆ ವಿಜಯಪುರದ ಸಿದ್ಧೇಶ್ವರ ಜಾತ್ರೆಯಲ್ಲಿ ದನಗಳ ಸಂತೆ ನೆರೆಯುತ್ತದೆಯಷ್ಟೆ. ಅಲ್ಲಿಗೆ ಹೊರಟ ನೆರೆಹೊರೆಯವರು ಅಪ್ಪನನ್ನು ಜೊತೆಗೆ ಕರೆದೊಯ್ಯುವುದುಂಟು. ಅಪ್ಪ ಎತ್ತಿನ ಬಾಯಿ ತೆರೆದು ಹಲ್ಲು ನೋಡುತ್ತಾನೆ. ಗೊರಸು ಎತ್ತಿ ನೋಡುತ್ತಾನೆ. ನಾಲ್ಕು ಹೆಜ್ಜೆ ನಡೆಸುತ್ತಾನೆ. ಆದರೆ ಇವೆಲ್ಲಕ್ಕೂ ಮೊದಲು ಕೊಳ್ಳಬಂದವನಿಗೆ ಒಂದು ಪ್ರಶ್ನೆ ಹಾಕುತ್ತಾನೆ: “ಯಾವ ಕೆಲಸಕ್ಕ ಬೇಕೋ?” ಗಳೆ ಹೊಡೆಯಲಿಕ್ಕೋ, ಗಾಡಿಗೆ ಹೂಡಲಿಕ್ಕೋ ಎಂಬುದು ನಿಶ್ಚಯವಾಗದೆ ಎತ್ತಿನ ಮೈಮೇಲೆ ಕೈ ಇಡುವುದಿಲ್ಲ. ಮೂರನೆಯ ಇಯತ್ತೆಗೆ ಸಾಲೆ ಬಿಟ್ಟ ನನ್ನ ಅಪ್ಪನ ಈ ಪ್ರಶ್ನೆಯ ಬೆಲೆಯು, ಹದಿನೈದು ವರ್ಷ ಸಾಲೆ ಕಲಿತ ನನಗೆ ತಿಳಿದದ್ದು ಕಳೆದ ಡಿಸೆಂಬರದಲ್ಲಿ. ತಿಳಿಸಿಕೊಟ್ಟದ್ದು ಒಂದು ಹಳೆಯ ಗಣಕಯಂತ್ರ. ಆ ಪ್ರಸಂಗವನ್ನೇ ಇಲ್ಲಿ ವಾಚಕರ ಮುಂದೆ ಇಡಬೇಕೆಂದಿದ್ದೇನೆ. ಅದರಲ್ಲಿ ನನಗೆ ಹೆಮ್ಮೆ ತರುವ ಸಂಗತಿಗಿಂತ ನಾಚಿಕೆ ತರುವ ಸಂಗತಿಯೇ ಹೆಚ್ಚು.

ನಮ್ಮೂರು ಗಲಗಲಿ ಕೃಷ್ಣೆಯ ದಂಡೆಯ ಮೇಲಿದೆ. ಗಾಲವ ಋಷಿಗಳು ಇಲ್ಲಿ ತಪಸ್ಸು ಮಾಡಿದರೆಂದೂ ಅದರಿಂದಲೇ ಊರಿಗೆ ಈ ಹೆಸರು ಬಂದಿತೆಂದೂ ಹಿರಿಯರು ಹೇಳುತ್ತಾರೆ. ಸಂಸ್ಕೃತ ವಿದ್ವಾಂಸರ ಊರೆಂದು ಇದಕ್ಕೆ ಹೆಸರುಂಟು. ಕವಿ ಪಂಢರೀನಾಥಾಚಾರ್ಯ ಗಲಗಲಿಯವರ ಹೆಸರನ್ನು ನಮ್ಮ ಅಧ್ಯಾಪಕರ ಬಾಯಿಂದ ಎಷ್ಟೋ ಸಲ ಕೇಳಿದ್ದೇನೆ. ಗ್ರಂಥಗಳನ್ನು ಕಂಠಸ್ಥ ಮಾಡಿಕೊಂಡ ಪಂಡಿತರು ಬಾಳಿದ ಊರಿನಲ್ಲಿಯೇ ನಮ್ಮ ಮನೆಯೂ ಇದೆ. ಆದರೆ ನಾನು ಕಾಲೇಜು ಸೇರುವವರೆಗೆ ನಮ್ಮ ಮನೆಯಲ್ಲಿ ಪಂಚಾಂಗ ಬಿಟ್ಟರೆ ಬೇರೆ ಪುಸ್ತಕವಿರಲಿಲ್ಲ. ಹಾಗೆಂದು ನೆನಪಿಗೆ ಬರವಿತ್ತೆಂದು ತಿಳಿಯಬಾರದು. ನಮ್ಮ ಅಜ್ಜಿಗೆ ಬೀಸುವ ಪದ, ಕುಟ್ಟುವ ಪದ, ಮದುವೆಯ ಪದಗಳು ಎಷ್ಟು ಬರುತ್ತಿದ್ದವೆಂಬುದನ್ನು ಎಣಿಸಿದವರಿಲ್ಲ. ಓದು ಬರಹ ಅರಿಯದ ಆಕೆಯ ತಲೆಯೇ ನಮ್ಮ ಮನೆಯ ಗ್ರಂಥಾಲಯವಾಗಿತ್ತು.

‘ಆಗಿತ್ತು’ ಎಂದು ಬರೆಯಲು ಕಾರಣವಿದೆ. ಎರಡು ವರ್ಷಗಳಿಂದ ಅಜ್ಜಿಗೆ ಮರೆವು ಹತ್ತಿದೆ. ಮುಂಜಾನೆ ಊಟ ಮಾಡಿದ್ದನ್ನು ಮಧ್ಯಾಹ್ನ ಮರೆಯುತ್ತಾಳೆ. ಹಳೆಯ ಪದಗಳು ಮಾತ್ರ ಇನ್ನೂ ಬಾಯಲ್ಲಿ ಉಳಿದಿವೆ, ಅವೂ ಅಲ್ಲಲ್ಲಿ ಹರಿಯುತ್ತಿವೆ. ಕನ್ನಡ ವಿಷಯದ ಕಿರುಪ್ರಬಂಧಕ್ಕೆಂದು ನಾನು ಆಕೆಯ ೬೪ ಪದಗಳನ್ನು ಮೊಬೈಲಿನಲ್ಲಿ ಧ್ವನಿಮುದ್ರಿಸಿಕೊಂಡಿದ್ದೆನು. ಇನ್ನು ಅವನ್ನು ಕೇಳುತ್ತ ಕೇಳುತ್ತ ಬರಹಕ್ಕೆ ಇಳಿಸಬೇಕು. ಹಲ್ಲಿಲ್ಲದ ಬಾಯಿಯ ಉಚ್ಚಾರ. ನಡುನಡುವೆ ನಮ್ಮ ಕಾಲದಲ್ಲಿ ಯಾರೂ ಆಡದ ಮಾತುಗಳು. ಅವುಗಳ ಅರ್ಥವನ್ನು ಅಜ್ಜಿಯನ್ನೇ ಕೇಳಬೇಕು; ಅದೂ ಆಕೆಗೆ ನೆನಪಿರುವಾಗಲೇ ಕೇಳಬೇಕು.

ಬರಹಕ್ಕೆ ಇದ್ದ ಸಾಧನ ನಮ್ಮ ಮನೆಯ ಗಣಕಯಂತ್ರ. ೨೦೨೩ರಲ್ಲಿ ವಿದ್ಯಾರ್ಥಿವೇತನದ ಹಣಕ್ಕೆ ಬೇಸಿಗೆಯ ಕೂಲಿಯ ಹಣ ಸೇರಿಸಿ ಅದನ್ನು ಕೊಂಡೆನು. ಯಾವುದೋ ಕಚೇರಿ ಬಳಸಿ ಬಿಟ್ಟ ಯಂತ್ರ. ಒಳಗಿನ ಪ್ರೊಸೆಸರು ಇಂಟೆಲ್ ಕಂಪನಿಯ ನಾಲ್ಕನೆಯ ಪೀಳಿಗೆಯ ಐ೫; ಆ ಪೀಳಿಗೆ ಮಾರುಕಟ್ಟೆಗೆ ಬಂದದ್ದು ೨೦೧೩ರಲ್ಲಿ. ಮೆಮೊರಿ ೪ ಜಿಬಿ. ಅಪ್ಪನ ಲೆಕ್ಕದಲ್ಲಿ ಹೇಳುವುದಾದರೆ ಬಾಯಿಗೂಡಿದ ಎತ್ತು. ಆದರೂ ನಮ್ಮ ಓಣಿಗೆ ಅದೊಂದೇ ಯಂತ್ರ. ವಿದ್ಯಾರ್ಥಿವೇತನದ ಅರ್ಜಿ, ಪರೀಕ್ಷೆಯ ಅರ್ಜಿ, ನೌಕರಿಯ ಅರ್ಜಿ ಎಂದು ಸಂಜೆಯಾದರೆ ಯಾರಾದರೂ ಕಾಗದ ಹಿಡಿದು ಬರುತ್ತಿದ್ದರು. ದ್ವಿತೀಯ ಪಿಯುಸಿ ವಿಜ್ಞಾನ ಓದುವ ನನ್ನ ತಂಗಿಯೂ ಅದರ ಮುಂದೆ ಕೂಡಬೇಕು.

ಯಂತ್ರವಾದರೋ ದಿನದಿನಕ್ಕೆ ಮಂದವಾಯಿತು. ಗುಂಡಿ ಒತ್ತಿ ಎಮ್ಮೆ ಹಿಂಡಿಕೊಂಡು ಬಂದರೂ ಪರದೆಯ ಮೇಲೆ ಇನ್ನೂ ಚಕ್ರ ತಿರುಗುತ್ತಿರುತ್ತಿತ್ತು. ಒಂದು ಸಲ ಅರ್ಜಿಯ ಕೊನೆಯ ದಿನ, ನೆರೆಮನೆಯ ಹುಡುಗಿಯ ಭಾವಚಿತ್ರ ಏರಿಸುವಾಗ ಯಂತ್ರ ನಿಂತೇಬಿಟ್ಟಿತು. ಆಕೆಯ ತಂದೆ ಇದ್ದ ಕೆಲಸ ಬಿಟ್ಟು ಆಕೆಯನ್ನು ಮೋಟಾರ್ ಸೈಕಲ್ಲಿನ ಮೇಲೆ ಮುಧೋಳಕ್ಕೆ ಕರೆದುಕೊಂಡು ಓಡಬೇಕಾಯಿತು. ಅಜ್ಜಿಯ ಪದಗಳ ಕೆಲಸವಂತೂ ವಾರಕ್ಕೆ ಒಂದು ಪದ ಮುಗಿದರೆ ಹೆಚ್ಚು. ಮೇಲಾಗಿ, ಅದರಲ್ಲಿದ್ದ ವಿಂಡೋಸ್ ೧೦ಕ್ಕೆ ಕಂಪನಿಯ ಸಾಮಾನ್ಯ ಬೆಂಬಲ ೨೦೨೫ರ ಅಕ್ಟೋಬರ ೧೪ಕ್ಕೆ ಮುಗಿದಿತ್ತು. ವಿಂಡೋಸ್ ೧೧ ಇಷ್ಟು ಹಳೆಯ ಪ್ರೊಸೆಸರನ್ನು ಒಪ್ಪುವುದಿಲ್ಲ. ಏನಾದರೂ ಮಾಡಲೇಬೇಕಾಗಿತ್ತು.

ಮಾಡಬೇಕಾದದ್ದು ಏನೆಂಬುದನ್ನು ನಾನು ಆಗಲೇ ನಿಶ್ಚಯಿಸಿಬಿಟ್ಟಿದ್ದೆನು. ಆ ನಿಶ್ಚಯ ಆದದ್ದು ಜಮಖಂಡಿಯಲ್ಲಿ, ಗೆಳೆಯನೊಬ್ಬನ ಕೋಣೆಯಲ್ಲಿ.

ಆ ಗೆಳೆಯನ ಯಂತ್ರದಲ್ಲಿ ಗ್ರಾಫಿಕ್ಸ್ ಕಾರ್ಡ್ ಇತ್ತು. ಅದರ ಮೇಲೆ ಅವನು ಮೋಟಾರು ಓಡಿಸುವ ಆಟ ಹಚ್ಚಿದಾಗ ನಾನು ಬೆರಗಾದೆನು. ಮಳೆ ಬಿದ್ದ ರಸ್ತೆಯಲ್ಲಿ ದೀಪಗಳ ನೆರಳು ನಡುಗುತ್ತಿತ್ತು. ಪರದೆಯ ಮೇಲೆ ಅಡ್ಡಲಾಗಿ ೧೯೨೦, ಉದ್ದಕ್ಕೆ ೧೦೮೦ ಬಿಂದುಗಳು, ಒಟ್ಟು ೨೦,೭೩,೬೦೦. ಸೆಕೆಂಡಿಗೆ ೬೦ ಸಲ ಪ್ರತಿಯೊಂದು ಬಿಂದುವಿನ ಬಣ್ಣವನ್ನೂ ಹೊಸದಾಗಿ ನಿಶ್ಚಯಿಸಬೇಕೆಂದರೆ ಸೆಕೆಂಡಿಗೆ ೧೨ ಕೋಟಿಗೂ ಮಿಕ್ಕಿದ ಲೆಕ್ಕ. ಪ್ರೊಸೆಸರು ಒಬ್ಬ ಜಾಣ ಗುಮಾಸ್ತನಿದ್ದಂತೆ. ತೊಡಕಿನ ಲೆಕ್ಕವನ್ನು ಒಂದಾದ ಮೇಲೊಂದರಂತೆ ಬೇಗ ಬಿಡಿಸುತ್ತದೆ. ಗ್ರಾಫಿಕ್ಸ್ ಕಾರ್ಡ್ ಕಬ್ಬು ಕಡಿಯುವ ದೊಡ್ಡ ಗ್ಯಾಂಗಿನಂತೆ. ನೂರಾರು ಜನ ಏಕಕಾಲಕ್ಕೆ ಒಂದೇ ಬಗೆಯ ಸಣ್ಣ ಕೆಲಸವನ್ನು ಮಾಡಿ ಹೊಲ ಖಾಲಿ ಮಾಡುತ್ತಾರೆ. ಇದೆಲ್ಲವನ್ನೂ ಓದಿ ತಿಳಿದುಕೊಂಡೆನು. ಎನ್‌ವಿಡಿಯಾ ಕಂಪನಿಯ ಜಿಟಿಎಕ್ಸ್ ೧೬೬೦ ಎಂಬ ಕಾರ್ಡು, ಬಳಸಿದ್ದು, ೮,೦೦೦ ರೂಪಾಯಿಗೆ ಸಿಗುವುದೆಂದು ಗೆಳೆಯ ಹೇಳಿದನು. ಅಂದಿನಿಂದ ನನಗೆ ನಿದ್ದೆಯಲ್ಲಿಯೂ ಅದೇ ಕಾರ್ಡು. ಯಂತ್ರ ಮಂದವಾದದ್ದಕ್ಕೆ ಕಾರ್ಡಿಲ್ಲದಿರುವುದೇ ಕಾರಣವೆಂದು ನನಗೆ ನಾನೇ ಹೇಳಿಕೊಂಡೆನು. ಬೇಕೆನಿಸಿದ ವಸ್ತುವಿಗೆ ಕಾರಣ ಹುಡುಕುವುದು ಎಷ್ಟು ಸುಲಭವೆಂಬುದನ್ನು ವಾಚಕರೂ ಬಲ್ಲರು.

ಆದರೆ ಹಣ? ೨೦೨೫ರ ನವೆಂಬರದಲ್ಲಿ ಬೆಳಗಾವಿ, ಬಾಗಲಕೋಟೆ ಜಿಲ್ಲೆಗಳಲ್ಲಿ ಕಬ್ಬಿನ ದರಕ್ಕಾಗಿ ರೈತರ ದೊಡ್ಡ ಹೋರಾಟ ನಡೆದದ್ದು ಎಲ್ಲರಿಗೂ ನೆನಪಿರಬಹುದು. ನಮ್ಮ ಎರಡು ಎಕರೆ ಕಬ್ಬಿನ ಕಟಾವು ಹಿಂದೆ ಬಿದ್ದಿತ್ತು. ಅಪ್ಪನ ಕೈಯಲ್ಲಿ ಕಾಸಿರಲಿಲ್ಲ. ಆದ್ದರಿಂದ ನಾನು ಅವ್ವನ ಬಳಿಗೆ ಹೋದೆನು. ಅವ್ವ ಹಿತ್ತಿಲಲ್ಲಿ ಕೌದಿ ಹೊಲಿಯುತ್ತ ಕುಳಿತಿದ್ದಳು.

“ಯವ್ವಾ, ಕಂಪ್ಯೂಟರಿಗೆ ಒಂದ ಸಾಮಾನ ಹಾಕಸಬೇಕು. ಎಂಟ ಸಾವಿರ ಬೇಕಬೇ.”

“ಎಂಟ ಸಾವಿರ? ಅದು ಹಾಕಿಸಿದ್ರ ಏನಾಗತೈತೋ?”

“ಅಭ್ಯಾಸಕ್ಕ ಬೇಕಬೇ. ಅದಿಲ್ಲಂದ್ರ ಪರೀಕ್ಷಾ ಕೆಲಸ ಆಗಂಗಿಲ್ಲ.”

ಅವ್ವ ಸೂಜಿಯನ್ನು ಕೌದಿಗೆ ಚುಚ್ಚಿಟ್ಟು ನನ್ನ ಮುಖ ನೋಡಿದಳು. ಆ ನೋಟದಲ್ಲಿ ಸಂಶಯವಿದ್ದಿದ್ದರೆ ನಾನು ಇನ್ನೊಂದು ಸುಳ್ಳು ಹೇಳಿ ಪಾರಾಗುತ್ತಿದ್ದೆನೇನೋ. ಸಂಶಯವಿರಲಿಲ್ಲ. “ಅಭ್ಯಾಸಕ್ಕಂದ್ರ ಬ್ಯಾಡ ಅನ್ನಾಕ ನನಗೇನ್ ತಿಳೀತೈತಪಾ,” ಎಂದಳು. ಮರುದಿನ ತನ್ನ ಮಹಿಳಾ ಸಂಘದಲ್ಲಿ ಹೇಳಿ ೫,೦೦೦ ರೂಪಾಯಿ ಸಾಲ ತಂದಳು. ಅದನ್ನು ವಾರವಾರ ಕಂತು ಕಟ್ಟಿ ತೀರಿಸಬೇಕು. ಉಳಿದ ೩,೦೦೦ ಜೋಳದ ಡಬ್ಬಿಯ ತಳದಿಂದ ಬಂದಿತು. ಅದು ಹಾಲು ಮಾರಿ ಕೂಡಿಸಿದ್ದು. ನೋಟುಗಳಿಗೆ ಜೋಳದ ಧೂಳು ಹತ್ತಿತ್ತು.

ಇಲ್ಲಿ ಒಂದು ಮಾತು ಹೇಳಬೇಕು. ನಮ್ಮ ಮನೆತನದಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವನು ನಾನೇ ಮೊದಲಿಗ. ಬ್ಯಾಂಕಿನ ಕಾಗದ, ಆಸ್ಪತ್ರೆಯ ಚೀಟಿ, ಪಹಣಿ ಎಲ್ಲವನ್ನೂ ಓದಿ ಹೇಳುವವನು ನಾನು. ನಾನು ಓದಿದ್ದೇ ಬರಹ, ನಾನು ಹೇಳಿದ್ದೇ ಅರ್ಥ. ವಿದ್ಯೆ ಮನುಷ್ಯನಿಗೆ ವಿನಯ ಕೊಡುತ್ತದೆಂದು ಬಾಯಿಪಾಠ ಮಾಡಿದ್ದೆನು. ಅದು ಅರಿಯದವರನ್ನು ವಂಚಿಸುವ ಶಕ್ತಿಯನ್ನೂ ಕೊಡುತ್ತದೆಂಬುದು ಆ ಹಿತ್ತಿಲಲ್ಲಿ ಗೊತ್ತಾಯಿತು. ಬೇರೆಯವರು ಅಪ್ಪನಿಗೆ ತೂಕದಲ್ಲಿ ಮೋಸ ಮಾಡಿದರೆಂದು ಸಿಟ್ಟಾಗುತ್ತಿದ್ದ ನಾನು, ಮನೆಯಲ್ಲಿಯೇ ತಕ್ಕಡಿ ಹಿಡಿದು ಅದೇ ಕೆಲಸ ಮಾಡಿದ್ದೆನು.

ಒಬ್ಬಳಿಗೆ ಮಾತ್ರ ಇದು ಗೊತ್ತಾಗುವಂತಿತ್ತು. ರಾತ್ರಿ ತಂಗಿ ಪುಸ್ತಕದಿಂದ ತಲೆಯೆತ್ತದೆ ಕೇಳಿದಳು: “ಅಣ್ಣಾ, ಅಜ್ಜೀ ಪದಾ ಟೈಪ್ ಮಾಡಾಕ ಗ್ರಾಫಿಕ್ಸ್ ಕಾರ್ಡ್ ಯಾಕ ಬೇಕು?” ನಾನು, “ನಿನಗ ತಿಳಿಯಂಗಿಲ್ಲ, ಸುಮ್ನ ಓದು,” ಎಂದು ಗದರಿಸಿದೆನು. ಆಕೆ ಸುಮ್ಮನಾದಳು. ಅವ್ವನಿಗೂ ಹೇಳಲಿಲ್ಲ. ಅದು ನನಗೆ ಬೈಗುಳಕ್ಕಿಂತ ಹೆಚ್ಚು ಚುಚ್ಚಿತು.

ಆ ವಾರವೇ ಬನಹಟ್ಟಿಯಲ್ಲಿ ಸೋದರಮಾವನ ಮಗನ ಜಾವಳವಿತ್ತು. ರಬಕವಿ ಬನಹಟ್ಟಿಯೆಂದರೆ ನೇಕಾರರ ಊರು. ಓಣಿಗೆ ಕಾಲಿಟ್ಟ ಕೂಡಲೆ ಮಗ್ಗಗಳ ಸಪ್ಪಳ ಕಿವಿಗೆ ಬೀಳುತ್ತದೆ. ಮಾವನ ಮನೆಯಲ್ಲಿ ನಾಲ್ಕು ವಿದ್ಯುತ್ ಮಗ್ಗಗಳಿವೆ. ಊಟವಾದ ಮೇಲೆ ಮಾವನೊಡನೆ ಮಗ್ಗದ ಮನೆಯಲ್ಲಿ ಕುಳಿತೆನು. ಬಸ್ಸಿನ ಖರ್ಚಿಗೆ ಇನ್ನೂ ಐನೂರು ಕೇಳೋಣವೆಂಬ ಆಶೆಯೂ ಮನಸ್ಸಿನಲ್ಲಿತ್ತು. ಯಂತ್ರ ಮಂದವಾದ ಕಥೆಯನ್ನು ವಿಸ್ತಾರವಾಗಿ ಹೇಳಿದೆನು.

ಮಾವ ಎಲ್ಲವನ್ನೂ ಕೇಳಿ, “ಅಳಿಯಾ, ಮಗ್ಗ ನಿಂತ್ರ ನಾವು ಮೊದಲ ಎಲ್ಲಿ ನಿಂತತಿ ನೋಡತೇವಿ. ನೀ ನೋಡೀಯೇನು?” ಎಂದನು. ನಾನು ಅರ್ಥವಾಗದೆ ಸುಮ್ಮನೆ ಕುಳಿತೆನು. ಆಗ ಅವನು ಒಂದು ಮಗ್ಗದ ಕಡೆಗೆ ಕೈ ತೋರಿಸಿದನು. ಮಗ್ಗ ನಿಂತಿತ್ತು. ಮೋಟಾರು ಸರಿಯಾಗಿದೆ; ಹಾಸು ಹರಿದಿಲ್ಲ. ಆದರೆ ಲಾಳಿಯೊಳಗಿನ ಕಂಡಿಕೆ ಖಾಲಿಯಾಗಿದೆ. ಪಕ್ಕದ ಬುಟ್ಟಿಯಲ್ಲಿ ತುಂಬಿದ ಕಂಡಿಕೆ ಒಂದೂ ಇಲ್ಲ. ಅತ್ತೆ ಒಳಗಿನಿಂದ ನೂಲು ತಂದು ಸುತ್ತಿ ಕೊಡುವವರೆಗೆ ಮಗ್ಗ ಕಾಯಲೇಬೇಕು. “ಇದಕ್ಕ ದೊಡ್ಡ ಮೋಟಾರ ಹಾಕಿಸಿದ್ರ ಓಡತೈತೇನು? ಬುಟ್ಟಿ ದೊಡ್ಡದ ಇಡಬೇಕು, ಕಂಡಿಕಿ ತುಂಬಿ ಇಡಬೇಕು,” ಎಂದನು ಮಾವ.

ಗಣಕಯಂತ್ರದ ಒಳಗಿನ ವ್ಯವಹಾರವನ್ನು ಇದಕ್ಕಿಂತ ಚೆನ್ನಾಗಿ ಹೇಳಿದ ಪುಸ್ತಕವನ್ನು ನಾನು ಓದಿಲ್ಲ. ಪ್ರೊಸೆಸರು ಮಗ್ಗ, ಮೆಮೊರಿ, ಅಂದರೆ ಅಂಗಡಿಯವರು ರ‍್ಯಾಮ್ ಎನ್ನುವುದು, ಕೈಗೆಟಕುವ ಬುಟ್ಟಿ, ಹಾರ್ಡ್ ಡಿಸ್ಕು ಒಳಗಿನ ನೂಲಿನ ಕೋಣೆ. ಬುಟ್ಟಿ ಚಿಕ್ಕದಾದರೆ ಯಂತ್ರವು ಪ್ರತಿಯೊಂದಕ್ಕೂ ಕೋಣೆಗೆ ಓಡಬೇಕು. ಈ ಓಟದ ದೂರವೂ ಸಾಮಾನ್ಯವಲ್ಲ. ಮೆಮೊರಿಯಿಂದ ಒಂದು ಸಂಗತಿಯನ್ನು ತರಲು ಹಿಡಿಯುವ ಕಾಲಕ್ಕೂ ತಿರುಗುವ ಡಿಸ್ಕಿನಿಂದ ತರಲು ಹಿಡಿಯುವ ಕಾಲಕ್ಕೂ ಸುಮಾರು ಒಂದು ಲಕ್ಷ ಪಟ್ಟು ಅಂತರ. ಬುಟ್ಟಿಯಿಂದ ತೆಗೆಯಲು ಒಂದು ನಿಮಿಷ ಹಿಡಿದರೆ, ಕೋಣೆಯಿಂದ ತರಲು ಎರಡು ತಿಂಗಳಿಗೂ ಹೆಚ್ಚು!

ಮಾವನ ಮಗ್ಗಗಳಲ್ಲಿ ಒಂದರ ಮೇಲೆ ಜಕಾರ್ಡ್ ಕೂಡಿಸಿದ್ದರು. ತೂತು ಹೊಡೆದ ರಟ್ಟುಗಳ ಸರಮಾಲೆ ಮೇಲೆ ತಿರುಗುತ್ತಿತ್ತು. ಎಲ್ಲಿ ತೂತಿದೆಯೋ ಅಲ್ಲಿಯ ಎಳೆ ಮೇಲೇಳುತ್ತದೆ, ಇಲ್ಲದಲ್ಲಿ ಏಳುವುದಿಲ್ಲ. ಹೀಗೆ ಸೆರಗಿನ ಹೂವು ಮೂಡುತ್ತದೆ. ಫ್ರಾನ್ಸಿನ ಜೋಸೆಫ್ ಮರಿ ಜಕಾರ್ಡ್ ಎಂಬಾತ ೧೮೦೪ರಲ್ಲಿ ರೂಪಿಸಿದ ಉಪಾಯವಿದು. ಇಂಗ್ಲೆಂಡಿನ ಚಾರ್ಲ್ಸ್ ಬ್ಯಾಬೇಜನು ತನ್ನ ಲೆಕ್ಕದ ಯಂತ್ರಕ್ಕೆ ಇಂಥ ರಟ್ಟುಗಳನ್ನೇ ಬಳಸಲು ಯೋಚಿಸಿದನು. ಅಮೆರಿಕದಲ್ಲಿ ೧೮೯೦ರ ಜನಗಣತಿಯನ್ನು ತೂತಿನ ರಟ್ಟುಗಳಿಂದಲೇ ಎಣಿಸಿದರು. ಗಣಕಯಂತ್ರದ ಪೂರ್ವಜ ನನ್ನ ಮಾವನ ಮನೆಯ ಜಂತಿಗೆ ತಗಲುವಂತೆ ಕುಳಿತಿತ್ತು. ಅದರ ಕೆಳಗೆ ಕುಳಿತು ನಾನು ಮಾವನಿಗೆ ಗಣಕಯಂತ್ರದ ಪಾಠ ಹೇಳಹೊರಟಿದ್ದೆನು. ಐನೂರು ಕೇಳಲು ಬಾಯಿ ಬರಲಿಲ್ಲ.

ಊರಿಗೆ ಬಂದು, ಮಗ್ಗ ಎಲ್ಲಿ ನಿಂತಿದೆ ಎಂಬುದನ್ನು ಮೊದಲ ಸಲ ನೋಡಿದೆನು. ಟಾಸ್ಕ್ ಮ್ಯಾನೇಜರ್ ಎಂಬ ಕಿಟಕಿ ತೆರೆದಿಟ್ಟುಕೊಂಡು ಎಂದಿನ ಕೆಲಸ ಹಚ್ಚಿದೆನು: ಅಜ್ಜಿಯ ಧ್ವನಿ, ಬರೆಯುವ ಹಾಳೆ, ಅಂತರ್ಜಾಲದ ನಾಲ್ಕು ಪುಟ. ಪ್ರೊಸೆಸರು ನೂರಕ್ಕೆ ಇಪ್ಪತ್ತೂ ದುಡಿಯುತ್ತಿರಲಿಲ್ಲ. ಮೆಮೊರಿ ನೂರಕ್ಕೆ ತೊಂಬತ್ತೈದು ತುಂಬಿತ್ತು. ಡಿಸ್ಕು ನೂರಕ್ಕೆ ನೂರು. ಅಂದರೆ ಕೋಣೆಗೆ ಓಡಾಡಿ ಓಡಾಡಿ ಏದುಸಿರು ಬಿಡುತ್ತಿತ್ತು. ಸತ್ಯ ಕಣ್ಣ ಮುಂದಿತ್ತು. ಆದರೂ ಕಾರ್ಡಿನ ಆಶೆ ಬಿಡಲಿಲ್ಲವೆಂಬುದನ್ನು ಒಪ್ಪಿಕೊಳ್ಳಲೇಬೇಕು. ‘ಕಾರ್ಡು ಈಗ, ಮೆಮೊರಿ ಮುಂದಿನ ವರ್ಷ’ ಎಂದುಕೊಂಡು, ಯಂತ್ರವನ್ನು ಹಳೆಯ ಕೌದಿಯಲ್ಲಿ ಸುತ್ತಿ, ಬಸ್ಸು ಹತ್ತಿ ವಿಜಯಪುರಕ್ಕೆ ಹೋದೆನು.

ಅಂಗಡಿ ಚಿಕ್ಕದು. ಮಾಲಕರು ಐವತ್ತರ ಮೇಲಿನ ವಯಸ್ಸಿನವರು. ನಾನು ಕಾರ್ಡಿನ ಹೆಸರು ಹೇಳಿದ ಕೂಡಲೆ ಅವರು ಕಾರ್ಡು ತೆಗೆಯಲಿಲ್ಲ. “ತಮ್ಮಾ, ಏನ್ ಕೆಲಸಕ್ಕ ಬೇಕು?” ಎಂದರು. ಅಪ್ಪನ ಪ್ರಶ್ನೆ! ಅಪ್ಪನೇ ಅಂಗಡಿಯಲ್ಲಿ ಕುಳಿತಂತೆ ನನಗೆ ಭಾಸವಾಯಿತು. ಒಂದು ಕ್ಷಣ ತಡವರಿಸಿ, “ಅಭ್ಯಾಸಕ್ಕರಿ,” ಎಂದೆನು. ಅವರು ನಕ್ಕು ಪೆಟ್ಟಿಗೆಯ ಮುಚ್ಚಳ ತೆಗೆದರು. ಒಳಗಿನಿಂದ ಹೊಲದ ಮಣ್ಣಿನಂಥ ಧೂಳು ಎದ್ದಿತು.

ಮುಂದೆ ಅವರು ಎತ್ತಿನ ಹಲ್ಲು ನೋಡಿದಂತೆ ಒಂದೊಂದನ್ನೇ ನೋಡಿ ಹೇಳಿದ್ದನ್ನು, ಸಹಪಾಠಿಗಳಿಗೆ ಉಪಯೋಗವಾದೀತೆಂದು ಇಲ್ಲಿ ಬರೆಯುತ್ತೇನೆ. ಮೊದಲನೆಯದು ವಿದ್ಯುತ್ತು ಒದಗಿಸುವ ಡಬ್ಬಿ. ಅದರ ಮೇಲಿನ ಚೀಟಿಯಲ್ಲಿ ೨೫೫ ವಾಟ್ ಎಂದಿತ್ತು. ನಾನು ಬಯಸಿದ ಕಾರ್ಡು ತಾನೊಂದೇ ೧೨೦ ವಾಟ್ ಉಣ್ಣುತ್ತದೆ. ಅದಕ್ಕೆ ಎಂಟು ಮೊಳೆಯ ಪ್ರತ್ಯೇಕ ತಂತಿ ಬೇಕು. ನಮ್ಮ ಡಬ್ಬಿಯಲ್ಲಿ ಆ ತಂತಿಯೇ ಇರಲಿಲ್ಲ. ತಾಯಿಹಲಗೆಯ ಸ್ಲಾಟಿನಿಂದ ಕಾರ್ಡಿಗೆ ಸಿಗುವುದು ಹೆಚ್ಚೆಂದರೆ ೭೫ ವಾಟ್. ಎರಡನೆಯದು ಪೆಟ್ಟಿಗೆಯ ಅಳತೆ. ನಮ್ಮದು ಕಚೇರಿಯ ಗಿಡ್ಡ ಪೆಟ್ಟಿಗೆ. ಆ ಕಾರ್ಡು ಒಳಗೆ ಹೋಗುವಂತೆಯೇ ಇರಲಿಲ್ಲ. ಗೆಳೆಯನ ಮಾತು ಕೇಳಿ ಬೇರೆಲ್ಲಿಯಾದರೂ ಕೊಂಡಿದ್ದರೆ, ಅವ್ವನ ಎಂಟು ಸಾವಿರ ರೂಪಾಯಿ ನಮ್ಮ ಮನೆಯ ಮಾಡದಲ್ಲಿ ಕುಳಿತಿರುತ್ತಿತ್ತು.

ಹಿಡಿಸುವ ಕಾರ್ಡು ಇಲ್ಲವೆಂದಲ್ಲ. ೨೦೧೭ರಲ್ಲಿ ಬಂದ ಜಿಟಿ ೧೦೩೦ ಎಂಬ ಸಣ್ಣ ಕಾರ್ಡಿಗೆ ೩೦ ವಾಟ್ ಸಾಕು. ಅದರಲ್ಲಿಯೂ ಎಚ್ಚರ ಬೇಕು. ೨೦೧೮ರಲ್ಲಿ ಅದೇ ಹೆಸರಿನಲ್ಲಿ ಇನ್ನೊಂದು ಬಂದಿತು; ಅದರ ಮೆಮೊರಿಯ ಓಟ ಮೊದಲಿನದರ ಮೂರರಲ್ಲೊಂದು ಪಾಲು ಮಾತ್ರ. ಡಬ್ಬಿಯ ಮೇಲೆ ಹೆಸರು ಒಂದೇ. ಕೊಂಬಿಗೆ ಬಣ್ಣ ಹಚ್ಚಿ ಸಂತೆಗೆ ತಂದ ಮುದಿ ಎತ್ತಿನ ನೆನಪಾಯಿತು. “ಆದರ ನಿನ್ನ ಕೆಲಸಕ್ಕ ಅದೂ ಬ್ಯಾಡ,” ಎಂದರು ಮಾಲಕರು. ನಮ್ಮ ಪ್ರೊಸೆಸರಿನೊಳಗೇ ಚಿತ್ರ ಬಿಡಿಸುವ ಒಂದು ಸಣ್ಣ ಭಾಗವಿದೆ. ಬರಹಕ್ಕೆ, ಪಾಠದ ಚಲನಚಿತ್ರಗಳಿಗೆ ಅದು ಸಾಕು. ಅದು ತನ್ನ ಕೆಲಸಕ್ಕೆ ಇದೇ ಮೆಮೊರಿಯಿಂದ ಪಾಲು ಪಡೆಯುವುದರಿಂದ, ಮೆಮೊರಿ ಹೆಚ್ಚಿಸಿದರೆ ಅದಕ್ಕೂ ಉಸಿರಾಡಲು ಆಸ್ಪದವಾಗುತ್ತದೆ.

ಇನ್ನು ಮೆಮೊರಿಯ ಆಯ್ಕೆ. ಇದರಲ್ಲಿ ಪೀಳಿಗೆಗಳುಂಟು. ೨೦೦೭ರ ಸುಮಾರಿಗೆ ಡಿಡಿಆರ್ ೩, ೨೦೧೪ರಲ್ಲಿ ಡಿಡಿಆರ್ ೪, ಆ ತರುವಾಯ ಡಿಡಿಆರ್ ೫. ಒಂದರ ಜಾಗದಲ್ಲಿ ಇನ್ನೊಂದು ಕೂಡುವುದಿಲ್ಲ; ತಪ್ಪಿ ಹಾಕಬಾರದೆಂದೇ ಅಡಿಯ ಕಚ್ಚನ್ನು ಬೇರೆ ಬೇರೆ ಕಡೆಗೆ ಕೊರೆದಿರುತ್ತಾರೆ. ನಮ್ಮದು ಡಿಡಿಆರ್ ೩. ಹಳೆಯದೆಂದು ನಾನು ಮುಖ ಸಣ್ಣದು ಮಾಡಿದಾಗ ಮಾಲಕರು, “ಹಳೇದ ಇದ್ದದ್ದ ನಿನ್ನ ಪುಣ್ಯಾ,” ಎಂದರು. ೨೦೨೫ರ ಕೊನೆಯ ತಿಂಗಳುಗಳಲ್ಲಿ ಹೊಸ ಮೆಮೊರಿಯ ಬೆಲೆ ಜಗತ್ತಿನಲ್ಲೆಲ್ಲ ನೆಗೆದಿತ್ತು. ಮೆಮೊರಿಯ ಬಹುಪಾಲನ್ನು ತಯಾರಿಸುವವು ಮೂರೇ ಕಂಪನಿಗಳು: ಸ್ಯಾಮ್‌ಸಂಗ್, ಎಸ್‌ಕೆ ಹೈನಿಕ್ಸ್, ಮೈಕ್ರಾನ್. ಕೃತಕ ಬುದ್ಧಿಮತ್ತೆಯ ದೊಡ್ಡ ದೊಡ್ಡ ಯಂತ್ರಾಗಾರಗಳಿಗೆ ಬೇಕಾದ ಮೆಮೊರಿಯಲ್ಲಿ ಲಾಭ ಹೆಚ್ಚಾದ್ದರಿಂದ ಅವು ಅತ್ತ ಹೊರಳಿದವು. ಸಾಮಾನ್ಯರ ಯಂತ್ರಕ್ಕೆ ತುಟ್ಟಿ ಬಂದಿತು. ಕಬ್ಬಿಗೆ ನೀರು ಹರಿದರೆ ಜೋಳದ ಹೊಲ ಒಣಗುವಂಥ ಕಥೆ ಇದು. ಎಲ್ಲಿಯೋ ದೂರದೇಶದ ಆಶೆಯ ಬಿಸಿ ವಿಜಯಪುರದ ಅಂಗಡಿಗೂ ತಟ್ಟಿತ್ತು.

ನಮ್ಮ ಯಂತ್ರದಲ್ಲಿ ಮೆಮೊರಿಗೆ ಎರಡೇ ಸ್ಲಾಟುಗಳು. ಒಂದರಲ್ಲಿ ೪ ಜಿಬಿ, ಇನ್ನೊಂದು ಖಾಲಿ. ಸಮನಾದ ಎರಡನ್ನು ಜೋಡಿಯಾಗಿ ಹಾಕಿದರೆ ದತ್ತಾಂಶಕ್ಕೆ ಎರಡು ದಾರಿ ತೆರೆಯುತ್ತವೆ. ಒಂಟೆತ್ತಿಗಿಂತ ಸಮಜೋಡಿ ಲೇಸು. ಆದ್ದರಿಂದ ಬಳಸಿದ ೮ ಜಿಬಿಯ ಎರಡು, ಒಂದಕ್ಕೆ ೧,೩೦೦ರಂತೆ ೨,೬೦೦ ರೂಪಾಯಿ. ಹಳೆಯ ೪ ಜಿಬಿಯನ್ನು ಅವರು ೩೦೦ಕ್ಕೆ ತಿರುಗಿ ತೆಗೆದುಕೊಂಡರು. ತಿರುಗುವ ಡಿಸ್ಕಿನ ಬದಲು ೨೫೬ ಜಿಬಿಯ ಎಸ್‌ಎಸ್‌ಡಿ ೨,೪೦೦. ಒಟ್ಟು ೪,೭೦೦. ಕೊನೆಗೆ ಯಂತ್ರ ಚಾಲೂ ಮಾಡಿ ನೋಡಿ ಇನ್ನೊಂದು ದೋಷ ತೋರಿಸಿದರು. ಹಿಂದೆ ಯಾರೋ ಇದಕ್ಕೆ ೩೨ ಬಿಟ್ಟಿನ ವಿಂಡೋಸ್ ಹಾಕಿದ್ದರು. ೩೨ ಬಿಟ್ಟಿನಲ್ಲಿ ಎಣಿಸಬಹುದಾದ ವಿಳಾಸಗಳು ೪,೨೯,೪೯,೬೭,೨೯೬ ಮಾತ್ರ; ಅಂದರೆ ೪ ಜಿಬಿ. ಅದನ್ನು ಹಾಗೆಯೇ ಬಿಟ್ಟು ೧೬ ಜಿಬಿ ಹಾಕಿದ್ದರೆ ಹೆಚ್ಚಿನದೆಲ್ಲ ಲೆಕ್ಕಕ್ಕೆ ಬರದೆ ಬಿದ್ದಿರುತ್ತಿತ್ತು. ಬೆಲೆಯಿಲ್ಲದೆ ಸಿಗುವ ೬೪ ಬಿಟ್ಟಿನ ಲಿನಕ್ಸನ್ನು ಹಾಕಿಕೊಟ್ಟರು, ಅದರಲ್ಲಿ ಕೆ. ಪಿ. ರಾವ್ ಅವರು ರೂಪಿಸಿದ ಕನ್ನಡ ಕೀಲಿಮಣೆಯ ವಿನ್ಯಾಸವೂ ಇತ್ತು. ನನ್ನ ಬೆರಳುಗಳಿಗೆ ಹೊಸ ಪಾಠ ಬೇಕಾಗಲಿಲ್ಲ.

ಜೇಬಿನಲ್ಲಿ ೩,೩೦೦ ರೂಪಾಯಿ ಉಳಿದವು. ಸಂಜೆಯ ಬಸ್ಸು ಕೃಷ್ಣೆಯ ಸೇತುವೆಯ ಮೇಲೆ ಬಂದಾಗ ಹೊಳೆಯಲ್ಲಿ ಬಿಸಿಲು ಇಳಿಯುತ್ತಿತ್ತು. ಆಗ ನನಗೆ ನಮ್ಮೂರ ಗಾಲವನ ಕಥೆ ನೆನಪಾಯಿತು. ಮಹಾಭಾರತದ ಉದ್ಯೋಗಪರ್ವದಲ್ಲಿ ಬರುವ ಕಥೆ. ಗುರುವಾದ ವಿಶ್ವಾಮಿತ್ರನು ದಕ್ಷಿಣೆ ಬೇಡವೆಂದರೂ ಗಾಲವನು ಕೇಳಲಿಲ್ಲ, ಹಠ ಹಿಡಿದನು. ಗುರು ಸಿಟ್ಟಾಗಿ, ಒಂದು ಕಿವಿ ಕಪ್ಪಾದ ಎಂಟುನೂರು ಬಿಳಿಯ ಕುದುರೆಗಳನ್ನು ತಾ ಎಂದನು. ಗಾಲವನ ಬಳಿ ಒಂದೂ ಇರಲಿಲ್ಲ. ಯಯಾತಿಯು ಕುದುರೆಗಳ ಬದಲಿಗೆ ತನ್ನ ಮಗಳು ಮಾಧವಿಯನ್ನು ಕೊಟ್ಟನು. ಆಕೆಯನ್ನು ಒಬ್ಬ ಅರಸನಿಂದ ಇನ್ನೊಬ್ಬ ಅರಸನ ಮನೆಗೆ ಒಯ್ದು ಕುದುರೆಗಳನ್ನು ಕೂಡಿಸಿದ್ದಾಯಿತು. ಸಾಲೆಯಲ್ಲಿ ಕೇಳಿದಾಗ ಇದು ಗುರುಭಕ್ತಿಯ ಕಥೆಯೆಂದು ತಿಳಿದಿದ್ದೆನು. ಅಂದು ಬಸ್ಸಿನಲ್ಲಿ ಬೇರೆಯಾಗಿ ಕಂಡಿತು. ಹಠ ಗಾಲವನದು, ಬೆಲೆ ತೆತ್ತವಳು ಮಾಧವಿ. ನನ್ನ ಎಂಟು ಸಾವಿರಕ್ಕೂ ವಾರವಾರ ಕಂತು ಕಟ್ಟುವವಳು ನಾನಲ್ಲದ ಇನ್ನೊಬ್ಬಳು.

ಮನೆಗೆ ಬಂದು ಉಳಿದ ಹಣವನ್ನು ಅವ್ವನ ಕೈಗೆ ಕೊಟ್ಟು, ನಡೆದದ್ದೆಲ್ಲವನ್ನೂ ಹೇಳಿದೆನು: ಬೇಕಾಗಿದ್ದದ್ದು ಆಟಕ್ಕೆಂದು, ಅಭ್ಯಾಸಕ್ಕೆಂದದ್ದು ಸುಳ್ಳೆಂದು. ಅವ್ವ ಬಹಳ ಹೊತ್ತು ಮಾತಾಡಲಿಲ್ಲ. ನೋಟುಗಳನ್ನು ಎರಡು ಸಲ ಎಣಿಸಿದಳು. ಕೊನೆಗೆ, “ಆಟಕ್ಕ ಅಂದಿದ್ರ ಕೊಡತಿದ್ನೋ ಇಲ್ಲೋ, ಅದು ಬ್ಯಾರೆ ಮಾತು. ಅಭ್ಯಾಸಾ ಅಂತ ಸುಳ್ಳ ಹೇಳಬ್ಯಾಡ. ನಾ ಆ ಮಾತೊಂದನ್ನ ನಂಬೀನಿ,” ಎಂದಳು. ಹೊರಗೆ ಕಟ್ಟೆಯ ಮೇಲೆ ಕುಳಿತ ಅಪ್ಪ ಕೆಮ್ಮಿದನು. ಅವನು ಎಲ್ಲವನ್ನೂ ಕೇಳಿಸಿಕೊಂಡಿದ್ದನು, ಏನೂ ಅನ್ನಲಿಲ್ಲ. ಮರುದಿನ ಮಾತ್ರ, ಯಂತ್ರದ ಮುಂದೆ ಬಂದು ನಿಂತು, “ಈಗ ಗಳೆಕ್ಕ ಹೊಕ್ಕತೇನು?” ಎಂದು ಕೇಳಿದನು.

ಹೊಕ್ಕಿತು. ಮೊದಲು ಐದು ನಿಮಿಷ ತೆಗೆದುಕೊಳ್ಳುತ್ತಿದ್ದ ಯಂತ್ರ ಈಗ ಅರ್ಧ ನಿಮಿಷದೊಳಗೆ ಸಿದ್ಧವಾಗುತ್ತದೆ. ಅಜ್ಜಿಯ ಧ್ವನಿ, ಬರೆಯುವ ಹಾಳೆ, ನೆರೆಯವರ ಅರ್ಜಿ ಮೂರೂ ಒಟ್ಟಿಗೆ ತೆರೆದಿದ್ದರೂ ಮೆಮೊರಿ ಅರ್ಧ ತುಂಬುವುದಿಲ್ಲ. ಒಂದು ದೋಷ ಮಾತ್ರ ಎಂಥ ರ‍್ಯಾಮಿಗೂ ತಪ್ಪಿದ್ದಲ್ಲ. ಕರೆಂಟು ಹೋದರೆ ಅದು ಎಲ್ಲವನ್ನೂ ಮರೆಯುತ್ತದೆ; ನಮ್ಮೂರಲ್ಲಿ ಕರೆಂಟು ಯಾವಾಗ ಹೋದೀತೆಂದು ಹೇಳಲಾಗದು. ಆದ್ದರಿಂದ ಎರಡು ಸಾಲಿಗೊಮ್ಮೆ ಬರೆದದ್ದನ್ನು ಡಿಸ್ಕಿಗೆ ಉಳಿಸುವ ರೂಢಿ ಮಾಡಿಕೊಂಡಿದ್ದೇನೆ.

ಅಜ್ಜಿ ಪಕ್ಕದಲ್ಲಿಯೇ ಗೋಡೆಗೆ ಒರಗಿ ಕೂಡುತ್ತಾಳೆ. ತನ್ನ ಧ್ವನಿಯನ್ನು ತಾನೇ ಕೇಳಿ, “ಯಾರಕಿ ಹಾಡಾಕಿ? ಚಲೋ ಹಾಡತಾಳ,” ಎನ್ನುತ್ತಾಳೆ. ಆದರೆ ನಾನು ಒಂದು ಮಾತನ್ನು ತಪ್ಪಾಗಿ ಓದಿದರೆ ತಕ್ಷಣ ತಿದ್ದುತ್ತಾಳೆ. ೬೪ರಲ್ಲಿ ೪೧ ಪದಗಳು ಬರಹಕ್ಕೆ ಇಳಿದಿವೆ, ೨೩ ಉಳಿದಿವೆ. ಅವ್ವನ ಸಂಘದ ಕಂತುಗಳಲ್ಲಿ ಈಗ ಅರ್ಧವನ್ನು ನಾನು ಅರ್ಜಿ ತುಂಬಿ ಗಳಿಸಿದ ಹಣದಿಂದ ಕಟ್ಟುತ್ತೇನೆ. ಜಮಖಂಡಿಯ ಗೆಳೆಯನ ಕೋಣೆಗೆ ಹೋದಾಗ ಆ ಆಟವನ್ನು ಇಂದಿಗೂ ಸಂತೋಷದಿಂದ ನೋಡುತ್ತೇನೆ. ಆಶೆ ಸತ್ತಿತೆಂದು ಹೇಳಿದರೆ ಅದೊಂದು ಹೊಸ ಸುಳ್ಳಾದೀತು. ಸ್ವಂತ ದುಡಿಮೆಯ ಹಣ ಕೈಗೆ ಬಂದ ದಿನ ಕಾರ್ಡು ಕೊಳ್ಳಲೂಬಹುದು. ಅಂದು ಅಪ್ಪ “ಯಾವ ಕೆಲಸಕ್ಕ?” ಎಂದು ಕೇಳಿದರೆ, “ಆಟಕ್ಕಪಾ,” ಎಂದು ಹೇಳುವೆನು.